ಹಿಂದೆ ಉಳಿಯಬೇಕಾದ ಕಾಲು

ಪೋಲ್ ವಾಲ್ಟ್ ನೋಡುವವರ ಕಣ್ಣು ಸಾಮಾನ್ಯವಾಗಿ ಎರಡೇ ಕಡೆ ಇರುತ್ತದೆ: ಬಾಗುವ ಕೋಲಿನ ಮೇಲೆ, ಇಲ್ಲವೆ ಎತ್ತರದ ಅಡ್ಡಪಟ್ಟಿಯ ಮೇಲೆ. ನಾನೂ ಬಹುಕಾಲ ಹಾಗೆಯೇ ನೋಡಿದವನು. ಹಾರುವವನ ಕಾಲುಗಳನ್ನು ನೋಡಬೇಕೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಅಷ್ಟರಲ್ಲಿ, ಒಬ್ಬ ಹುಡುಗನಿಗೆ ನಾನು ತಪ್ಪು ಪಾಠ ಹೇಳಿ ಮೂವತ್ತು ವರ್ಷಗಳು ಕಳೆದುಹೋಗಿದ್ದವು.

1978ರ ಮಾತು. ಆಗ ನಾನು ಗ್ರಾಮಾಂತರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದ್ದುದರಿಂದ ಆಟೋಟಗಳ ಹೊಣೆಯೂ ನನ್ನ ತಲೆಗೇ ಬಂದಿತ್ತು. ಪೋಲ್ ವಾಲ್ಟಿಗೆ ಹೆಸರು ಕೊಡುವವರೇ ಇರಲಿಲ್ಲ. ಗಳು ಊರಿ ಹಳ್ಳ ಹಾರಿ ಹೊಲಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದ ಹತ್ತನೆಯ ತರಗತಿಯ ಹುಡುಗನೊಬ್ಬ, "ನಾನು ಹಾರ್ತೀನಿ ಸಾರ್" ಎಂದು ಮುಂದೆ ಬಂದ. ಒಂದು ಬಿದಿರಿನ ಗಳು, ಮರಳು ತುಂಬಿದ ಗುಂಡಿ, ಎರಡು ಗೂಟಗಳ ನಡುವೆ ಒಂದು ಅಡ್ಡಕೋಲು. ನಮ್ಮ ಸಲಕರಣೆ ಇಷ್ಟೇ.

ಹುಡುಗ ಚೆನ್ನಾಗಿಯೇ ಹಾರುತ್ತಿದ್ದ. ಆದರೆ ಅವನ ಹಾರಾಟ ನನ್ನ ಕಣ್ಣಿಗೆ ಒರಟಾಗಿ ಕಂಡಿತು. ಬಲಮೊಣಕಾಲು ಮುಂದಕ್ಕೆ ಏರಿದರೆ, ನೆಲ ಒದ್ದ ಎಡಗಾಲು ಉದ್ದಕ್ಕೆ ಹಿಂದೆ ಉಳಿದು ಜೋಲಾಡುತ್ತಿತ್ತು. ನಾನೋ ಭೌತಶಾಸ್ತ್ರ ಓದಿದವನು! ಮುದುಡಿಕೊಂಡ ದೇಹ ಬೇಗ ತಿರುಗುತ್ತದೆಂದು ತರಗತಿಯಲ್ಲಿ ತಿರುಗುವ ಕುರ್ಚಿಯ ಉದಾಹರಣೆ ಕೊಟ್ಟು ಪಾಠ ಮಾಡುತ್ತಿದ್ದವನು. "ನೆಲ ಬಿಟ್ಟ ಕೂಡಲೇ ಎರಡೂ ಮೊಣಕಾಲನ್ನು ಎದೆಗೆ ಒತ್ತಿಕೊಳ್ಳೋ, ಬೇಗ ತಲೆಕೆಳಗಾಗ್ತೀಯ" ಎಂದೆ. ಅವನು ವಿಧೇಯ ಹುಡುಗ. ಹೇಳಿದಂತೆಯೇ ಮಾಡಿದ.

ಅಂದಿನಿಂದ ಗಳು ನೆಟ್ಟಗಾಗುವುದೇ ನಿಂತಿತು. ಮುಕ್ಕಾಲು ದಾರಿ ಏರಿ ತಡೆದು ನಿಲ್ಲುತ್ತಿತ್ತು. ಹುಡುಗ ಓಡಿ ಬಂದ ದಾರಿಗೇ ಹಿಂದಕ್ಕೆ ಬೀಳುತ್ತಿದ್ದ. "ನಿನಗೆ ಹೆದರಿಕೆ, ಓಟದಲ್ಲಿ ಜೋರಿಲ್ಲ" ಎಂದು ಎಲ್ಲರೆದುರಿಗೆ ಗದರಿದೆ. ನಾಲ್ಕನೆಯ ದಿನ ಗಟ್ಟಿ ನೆಲದ ಮೇಲೆ ಕೈಯೂರಿ ಬಿದ್ದ. ಎಡಗೈ ಮಣಿಕಟ್ಟು ಮುರಿಯಿತು. ಕ್ರೀಡಾಕೂಟಕ್ಕೆ ಅವನು ಹೋಗಲಿಲ್ಲ. ಆಮೇಲೆ ಗಳುವನ್ನು ಮುಟ್ಟಲೂ ಇಲ್ಲ.

ನಿವೃತ್ತಿಯ ನಂತರ ಮಗನ ಕಂಪ್ಯೂಟರಿನಲ್ಲಿ ಸೆರ್ಗೈ ಬುಬ್ಕಾನ ಹಾರಾಟವನ್ನು ನಿಧಾನಗತಿಯಲ್ಲಿ ನೋಡಿದೆ. 1985ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ 6 ಮೀಟರ್ ದಾಟಿದವನು. 1994ರಲ್ಲಿ ಇಟಲಿಯ ಸೆಸ್ಟ್ರಿಯೆರೆಯಲ್ಲಿ 6.14 ಮೀಟರ್ ಹಾರಿದವನು. ಚಿತ್ರವನ್ನು ತಡೆತಡೆದು ನೋಡಿದೆ. ಮೇಲಿನ ಕೈಯಿಂದ ತೂಗುಗುಂಡು ಇಳಿಬಿಟ್ಟರೆ ಎಲ್ಲಿ ಮುಟ್ಟುತ್ತದೋ ಹೆಚ್ಚುಕಡಿಮೆ ಅಲ್ಲಿಯೇ ಎಡಪಾದ ನೆಲವನ್ನು ಒದೆಯುತ್ತದೆ. ಬಲತೊಡೆ ನೆಲಕ್ಕೆ ಸಮಾನಾಂತರವಾಗುವಷ್ಟು ಏರುತ್ತದೆ. ಏರಿ, ಅಲ್ಲಿ ಕಾಯುತ್ತದೆ. ಒದ್ದ ಎಡಗಾಲು ಸೊಂಟ, ಮೊಣಕಾಲು, ಹಿಮ್ಮಡಿ ಎಲ್ಲವೂ ಚಾಚಿಕೊಂಡು ಹಿಂದೆಯೇ ಉಳಿಯುತ್ತದೆ. ಎದೆ ಮುಂದಕ್ಕೆ, ಕಾಲು ಹಿಂದಕ್ಕೆ. ದೇಹವೆಲ್ಲ ಹೆದೆಯೇರಿಸಿದ ಬಿಲ್ಲು. ಮರುಗಳಿಗೆ ಆ ನೀಳ ಕಾಲು ಚಾವಟಿಯಂತೆ ಕೆಳಗಿನಿಂದ ಮುಂದಕ್ಕೆ ಬೀಸಿ ಬಂದು, ಕಾಯುತ್ತಿದ್ದ ಬಲಗಾಲನ್ನು ಕೂಡಿಕೊಳ್ಳುತ್ತದೆ. ಆಮೇಲೆಯೇ ಸೊಂಟ ಮಡಿಯುವುದು, ಪಾದಗಳು ಆಕಾಶಕ್ಕೆ ಏರುವುದು.

ನನ್ನ ಹುಡುಗ ಯಾರೂ ಕಲಿಸದೆ ಮಾಡುತ್ತಿದ್ದುದು ಇದನ್ನೇ.

ಎಲ್ಲಿ ತಪ್ಪಿದೆನೆಂದು ಹಾಳೆ ಪೆನ್ಸಿಲ್ ಹಿಡಿದು ಕುಳಿತೆ. ಪೋಲ್ ವಾಲ್ಟಿನಲ್ಲಿ ತೂಗಾಟ ಒಂದಲ್ಲ, ಎರಡು. ಊರಿದ ತುದಿಯನ್ನು ಆಧಾರ ಮಾಡಿಕೊಂಡು ಕೋಲು ಏಳಬೇಕು. ಕೋಲು ಹಿಡಿದ ಕೈಗಳನ್ನು ಆಧಾರ ಮಾಡಿಕೊಂಡು ದೇಹ ಜೀಕಬೇಕು. ನಾನು ಎರಡನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಏಣಿಯ ತುದಿಗೆ ಮೂಟೆ ಕಟ್ಟಿ ಎತ್ತಿ ನಿಲ್ಲಿಸುವುದು ಕಷ್ಟ, ನಡುವಿಗೆ ಕಟ್ಟಿದರೆ ಅಷ್ಟು ಕಷ್ಟವಲ್ಲ. ದೇಹ ನೀಳವಾಗಿ ಜೋತುಬಿದ್ದಾಗ ಭಾರ ಕೆಳಗಿರುತ್ತದೆ, ಕೋಲು ಸಲೀಸಾಗಿ ಏಳುತ್ತದೆ. ಮುದುಡಿದರೆ ಭಾರ ಬೇಗನೆ ಮೇಲಕ್ಕೆ ಸೇರಿ ಕೋಲು ಅರ್ಧದಲ್ಲೇ ಸೋಲುತ್ತದೆ. ಹುಡುಗನ ಓಟದಲ್ಲಿ ಜೋರಿತ್ತು; ಅದನ್ನು ನನ್ನ ಪಾಠ ನುಂಗಿತ್ತು.

ಫೈಬರ್ ಗ್ಲಾಸಿನ ಕೋಲಿಗೂ ನೀಳ ಕಾಲು ಬೇಕು, ಆದರೆ ಅಲ್ಲಿ ಇನ್ನೊಂದು ಲಾಭವೂ ಇದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಓಡುವವನ ಚಲನಶಕ್ತಿಯೆಲ್ಲವೂ ಎತ್ತರವಾಗಿ ಮಾರ್ಪಟ್ಟರೆ ಅವನ ಗುರುತ್ವಕೇಂದ್ರ ಸುಮಾರು 5.1 ಮೀಟರ್ ಏರುತ್ತದೆ. ಓಡುವಾಗಲೇ ಅದು ನೆಲದಿಂದ ಒಂದು ಮೀಟರಿನಷ್ಟು ಮೇಲಿರುತ್ತದೆ. ಆದರೆ ಕೋಲು ಊರುವಾಗ ಒಂದಿಷ್ಟು ಶಕ್ತಿ ಸೋರಿಹೋಗುವುದು ಖಂಡಿತ. ಆ ನಷ್ಟವನ್ನು ತುಂಬಿಕೊಡುವುದು ಹಾರುವವನ ಸ್ನಾಯುಗಳೇ. ನೀಳ ಕಾಲಿನ ಬೀಸು ಕೋಲನ್ನು ಇನ್ನಷ್ಟು ಬಾಗಿಸುತ್ತದೆ. ಬಾಗಿದ ಕೋಲು ಆ ಸಾಲವನ್ನು ಆಮೇಲೆ ತೀರಿಸುತ್ತದೆ. 2025ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ ಸ್ವೀಡನ್ನಿನ ಡುಪ್ಲಾಂಟಿಸ್ 6.30 ಮೀಟರ್ ದಾಟಿದಾಗ ನಾನು ಅಡ್ಡಪಟ್ಟಿಯತ್ತ ನೋಡಲೇ ಇಲ್ಲ, ಎಡಗಾಲನ್ನೇ ನೋಡುತ್ತಿದ್ದೆ. ಮನೆಯವರು ನಕ್ಕರು.

ಬಾಗದ ಬಿದಿರಿನಲ್ಲಿಯೇ 1942ರಲ್ಲಿ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 4.77 ಮೀಟರ್ ಹಾರಿದ್ದನೆಂದು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗಳುವನ್ನು ದೂರುವ ದಾರಿಯೂ ಮುಚ್ಚಿತ್ತು.

ಕಳೆದ ವರ್ಷ ಒಂದು ಮದುವೆಯಲ್ಲಿ ಅವನು ಸಿಕ್ಕಿದ. ಮೊಮ್ಮಗಳ ಕೈ ಹಿಡಿದುಕೊಂಡು ಬಂದು, ನಾನು ಬೇಡವೆನ್ನುತ್ತಿದ್ದರೂ ಕಾಲಿಗೆ ನಮಸ್ಕರಿಸಿದ. ಪಕ್ಕದಲ್ಲಿ ಕೂರಿಸಿಕೊಂಡು, ಊಟದ ಕರೆ ಬರುವವರೆಗೆ ಎಲ್ಲವನ್ನೂ ವಿವರಿಸಿದೆ: ಕಾಯುವ ಬಲಗಾಲು, ಹಿಂದೆ ಉಳಿಯುವ ಎಡಗಾಲು, ಏಣಿಯ ಮೂಟೆ. "ತಪ್ಪು ನಂದು ಕಣಯ್ಯಾ, ನೀನು ಹೆದರಿರಲಿಲ್ಲ" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ಮೆಲ್ಲಗೆ ತಿರುವಿಕೊಳ್ಳುತ್ತಿದ್ದ. ಅದು ಅವನಿಗೆ ಅಭ್ಯಾಸವಾಗಿಬಿಟ್ಟಿರಬೇಕು.

"ಹೆದರಿದ್ದೆ ಅಂತಲೇ ಅಂದ್ಕೊಂಡಿದ್ದೆ ಸಾರ್, ಇಷ್ಟು ವರ್ಷ" ಎಂದ.