ಹಗ್ಗದ ಹಾದಿ

ಹಾಯಿದೋಣಿಯವರ ಮಾತಿನಲ್ಲಿ ‘ಶೀಟ್’ ಎಂದರೆ ಬಟ್ಟೆಯಲ್ಲ, ಹಾಯಿಯನ್ನು ಬಿಗಿಯುವ ಹಗ್ಗ! ಕನ್ನಡ ಮೇಷ್ಟರಿಗೆ ಇಂಥ ಅರ್ಥಪಲ್ಲಟವೇ ಹಬ್ಬ. ಮುಂಬಯಿಯ ನನ್ನ ಹಿರಿಯ ಮಿತ್ರರಿಗೋ ಆ ಹಗ್ಗವೇ ಚಿಂತೆಯಾಗಿತ್ತು.

ಮುಂದಣ ಹಾಯಿಯಾದ ಜಿಬ್ಬಿನ ಶೀಟು ದೋಣಿಯಂಚಿನ ರಾಟೆಯೊಂದರ ಮೂಲಕ ಹಿಂದಕ್ಕೆ ಬರುತ್ತದೆ. ಗಾಳಿಗೆ ಮುಖಮಾಡಿದಾಗ ಹಾಯಿಯ ಎದುರಂಚು ಮೇಲ್ಗಡೆ ಮೊದಲು ಪಟಪಟಿಸಿದರೆ ರಾಟೆಯನ್ನು ಮುಂದಕ್ಕೆ ಸರಿಸಬೇಕು. ಕೆಳಗಡೆ ಪಟಪಟಿಸಿದರೆ ಹಿಂದಕ್ಕೆ. ಅದಕ್ಕಾಗಿ ಚುಕ್ಕಾಣಿ ಬಿಟ್ಟು, ಓಲಾಡುವ ಅಂಚಿಗೆ ತೆವಳಬೇಕು. ಮಿತ್ರರ ಮೊಣಕಾಲಿಗೆ 68 ವರುಷ! ‘ದೋಣಿ ಮಾರಿಬಿಡಿ’ ಎಂದು ಮನೆಯವರ ಒತ್ತಾಯ ಬೇರೆ.

ಮಾರಲಿಲ್ಲ. ರಾಟೆಗೆ ತೆಳುಹಗ್ಗವೊಂದನ್ನು ಕಟ್ಟಿ, ಪುಟ್ಟ ರಾಟೆಗಳ ಮೇಲೆ ಹಾಯಿಸಿ, ತಾವು ಕುಳಿತಲ್ಲಿಗೇ ತಂದುಕೊಂಡರು. ಎಳೆದರೆ ರಾಟೆ ಮುಂದಕ್ಕೆ. ಸಡಿಲಬಿಟ್ಟರೆ ಶೀಟಿನ ಸೆಳೆತವೇ ಅದನ್ನು ಹಿಂದಕ್ಕೊಯ್ಯುತ್ತದೆ.

ಹೋದ ಮಾಘದಲ್ಲಿ ನನ್ನನ್ನೂ ಕೂರಿಸಿಕೊಂಡು ಎಲಿಫೆಂಟಾದತ್ತ ಹೊರಟರು. ದಾರಿಯುದ್ದಕ್ಕೂ ಒಮ್ಮೆಯಾದರೂ ಎದ್ದು ನಿಲ್ಲಲಿಲ್ಲ.