ಕಣ್ಣು, ಕಿವಿ, ಕುತ್ತಿಗೆ

ನಿವೃತ್ತಿಯ ನಂತರ ನಾನು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸವನ್ನು ಹಚ್ಚಿಕೊಂಡ ಸಂಗತಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಗೊತ್ತು. ಬಂಧುಗಳಲ್ಲಿ ಕೆಲವರು ಇದನ್ನು ಮುಪ್ಪಿನ ಮಕ್ಕಳಾಟವೆಂದು ನಗುತ್ತಾರೆ. ನಗಲಿ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಮೂರು ದಶಕ ವಿಜ್ಞಾನ ಮತ್ತು ಭೂಗೋಲವನ್ನು ಕಲಿಸಿದವನಿಗೆ, ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ ಅದೇ ಹೊಳೆ, ಕೆರೆ, ದಾರಿಗಳನ್ನು ಆಕಾಶದಿಂದ ನೋಡುವ ಆಸೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ಶಿಷ್ಯರು ನನ್ನನ್ನು ಇತ್ತೀಚೆಗೆ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ವಿಮಾನದ ಹುಚ್ಚಿರುವ ಮಕ್ಕಳಿಗೆ ವರ್ಚುವಲ್ ರಿಯಾಲಿಟಿ, ಅಂದರೆ ವಿ.ಆರ್. ಹೆಡ್‌ಸೆಟ್ ಕೊಡಿಸಬೇಕೋ ಅಥವಾ ಹೆಡ್ ಟ್ರ್ಯಾಕಿಂಗ್ ಸಾಕೋ? ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಬಹುದಾಗಿತ್ತು. ಆದರೆ ಸವಣೂರು ತಾಲೂಕಿನ ಒಂದು ಮನೆಯಲ್ಲಿ ಈ ಪ್ರಶ್ನೆ ಒಬ್ಬ ಹುಡುಗಿಯ ಬಾಳಿನ ಪ್ರಶ್ನೆಯೇ ಆಗಿ ಬಂದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು, ತಲೆ ತಿರುಗಿಸುವ ಅಗತ್ಯವಾದರೂ ಏಕೆ ಎಂಬುದನ್ನು ತಿಳಿಯೋಣ. ಹುಬ್ಬಳ್ಳಿಯ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನವೊಂದನ್ನು ಏರಿಸಿ, ಹೆದ್ದಾರಿಯನ್ನೇ ಗುರುತಾಗಿಟ್ಟುಕೊಂಡು ದಕ್ಷಿಣಕ್ಕೆ ಹೊರಟಿರೆಂದು ಭಾವಿಸಿರಿ. ಶಿಗ್ಗಾವಿ ದಾರಿಯಲ್ಲಿಯೇ ಸಿಗುತ್ತದೆ. ಬಂಕಾಪುರದ ಹತ್ತಿರ ಬಂದಾಗ ಸವಣೂರು ಎಡಕ್ಕೆ, ಹಾನಗಲ್ಲ ಬಲಕ್ಕೆ. ಇನ್ನೂ ದಕ್ಷಿಣಕ್ಕೆ ಸಾಗಿದರೆ ಹಿರೇಕೆರೂರು ಸೀಮೆ, ಕುಮುದ್ವತಿಗೆ ಕಟ್ಟಿದ ಮದಗದ ಕೆರೆ. ಮುಂದಿರುವ ಕಂಪ್ಯೂಟರ್ ಪರದೆಯಾದರೋ ನೇರ ಮುಂದಿನದನ್ನು ಮಾತ್ರ ತೋರಿಸುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಿದ ಟಾಂಗಾದ ಕುದುರೆಯಂತೆ ನಾವು ಹೋಗುತ್ತೇವೆ. ಊರು ನೋಡುವುದು ತಪ್ಪಿದರೆ ನಷ್ಟವಿಲ್ಲ. ಆದರೆ ಇಳಿಯುವಾಗ ಹಾಗಲ್ಲ. ಸಾಮಾನ್ಯವಾಗಿ ವಿಮಾನವು ರನ್‌ವೇಯನ್ನು ಎಡಗಡೆ ಇಟ್ಟುಕೊಂಡು ಅದಕ್ಕೆ ಸಮಾನಾಂತರವಾಗಿ ಸಾಗಿ, ನೆಲ ಮುಟ್ಟಬೇಕಾದ ಜಾಗವು ಎಡ ಭುಜದ ಹಿಂದೆ ಸುಮಾರು 45 ಡಿಗ್ರಿಗೆ ಬಂದಾಗ ತಿರುಗಬೇಕು. ಹಿಂತಿರುಗಿ ನೋಡಲಾಗದವನು ಆ ಗಳಿಗೆಯನ್ನು ಗುರುತಿಸುವುದಾದರೂ ಹೇಗೆ?

ಇದಕ್ಕೆ ಇರುವ ದಾರಿಗಳು ಎರಡು. ಹೆಡ್ ಟ್ರ್ಯಾಕಿಂಗ್‌ನಲ್ಲಿ ಪರದೆ ಇದ್ದಲ್ಲಿಯೇ ಇರುತ್ತದೆ. ಅದರ ಮೇಲೆ ಕೂಡಿಸಿದ ಕ್ಯಾಮರಾ ನಮ್ಮ ತಲೆ ಎತ್ತ ವಾಲಿತೆಂಬುದನ್ನು ಗಮನಿಸಿ, ಪರದೆಯ ಮೇಲಿನ ದೃಶ್ಯವನ್ನು ಅತ್ತ ಸರಿಸುತ್ತದೆ. ಟ್ರ್ಯಾಕ್‌ಐಆರ್ ಎಂಬ ಹೆಸರಿನ ಸಾಧನ ಟೊಪ್ಪಿಗೆಗೆ ಸಿಕ್ಕಿಸಿದ ಬಿಂದುಗಳನ್ನು ಅವರಕ್ತ ಬೆಳಕಿನಲ್ಲಿ ನೋಡಿ ಸೆಕೆಂಡಿಗೆ 120 ಸಲ ಅಳೆಯುತ್ತದೆ. ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶವಿದ್ದರೆ ಸಾಮಾನ್ಯ ವೆಬ್‌ಕ್ಯಾಮರಾ ನಮ್ಮ ಮುಖವನ್ನೇ ಗುರುತಿಸಿ ಆ ಕೆಲಸ ಮಾಡುತ್ತದೆ. ಇಲ್ಲಿರುವ ಜಾಣತನವೆಂದರೆ ಹಿಗ್ಗಿಸುವಿಕೆ. ನಾವು ಇಪ್ಪತ್ತು ಮೂವತ್ತು ಡಿಗ್ರಿ ತಲೆ ತಿರುಗಿಸಿದರೆ ದೃಶ್ಯ ನೂರು ಡಿಗ್ರಿಗೂ ಮಿಕ್ಕಿ ತಿರುಗುತ್ತದೆ. ತಲೆ ಅತ್ತ ವಾಲಿದ್ದರೂ ಕಣ್ಣು ಪರದೆಯನ್ನು ಬಿಡುವುದಿಲ್ಲ. ನನ್ನಂತೆ ಕುತ್ತಿಗೆಯ ಎಲುಬು ಸವೆದವರಿಗೆ ಇದೊಂದು ವರವೇ ಸರಿ.

ವಿ.ಆರ್. ಬೇರೆಯ ಬಗೆ. ಅದನ್ನು ನೋಡಿದಾಗ ನನಗೆ ಜಾತ್ರೆಗಳಲ್ಲಿ ಬರುತ್ತಿದ್ದ ಬಯಸ್ಕೋಪಿನ ಪೆಟ್ಟಿಗೆಯ ನೆನಪಾಯಿತು. ಕಿಂಡಿಗೆ ಮುಖವಿಟ್ಟ ಕೂಡಲೇ ಜಾತ್ರೆಯ ಗದ್ದಲವೆಲ್ಲ ಮಾಯವಾಗಿ, ಪೆಟ್ಟಿಗೆಯೊಳಗಿನ ದಿಲ್ಲಿಯೇ ನಿಜವಾಗುತ್ತಿತ್ತಲ್ಲವೇ? ಹೆಡ್‌ಸೆಟ್ ಎಂದರೆ ಮುಖಕ್ಕೇ ಕಟ್ಟಿಕೊಂಡ ಬಯಸ್ಕೋಪು. ಎರಡು ಕಣ್ಣಿಗೆ ಎರಡು ಬೇರೆ ಚಿತ್ರಗಳಿರುವುದರಿಂದ ಆಳ ತಿಳಿಯುತ್ತದೆ. ತಲೆ ಎಷ್ಟು ತಿರುಗಿತೋ ದೃಶ್ಯವೂ ಅಷ್ಟೇ ತಿರುಗುತ್ತದೆ. ಹಿಂದೆ ನೋಡಬೇಕಾದರೆ ನಿಜವಾಗಿಯೇ ಹಿಂದೆ ಹೊರಳಬೇಕು.

ಇವೆರಡೂ ಒಡಹುಟ್ಟುಗಳೆಂಬುದು ಬಹಳ ಜನರಿಗೆ ತಿಳಿದಿಲ್ಲ. ಹಾರಾಟದ ಅನುಕರಣ ಯಂತ್ರದ ಮೂಲ ಇನ್ನೂ ಹಿಂದಿನದು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ, ನಮ್ಮ ಹಾರ್ಮೋನಿಯಮ್ಮಿಗೆ ಇರುವಂಥ ಗಾಳಿಯ ತಿದಿಗಳನ್ನೇ ಬಳಸಿ, ಓಲಾಡುವ ಪುಟ್ಟ ವಿಮಾನವೊಂದನ್ನು ಕಟ್ಟಿದ. ಜನ ಮೊದಲು ಅದನ್ನು ಆಟಿಕೆಯೆಂದೇ ಬಗೆದರು. 1934ರಲ್ಲಿ ಟಪಾಲು ಸಾಗಿಸಲು ಹೋದ ಸೈನ್ಯದ ಹಲವು ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸತ್ತ ಮೇಲೆ ಅಲ್ಲಿನ ಸೈನ್ಯವು ಅಂತಹ ಆರು ಯಂತ್ರಗಳನ್ನು ಕೊಂಡುಕೊಂಡಿತು. ಮುಂದೆ 1968ರಲ್ಲಿ ಐವಾನ್ ಸದರ್ಲ್ಯಾಂಡ್ ತಲೆಗೆ ಕಟ್ಟುವ ಪರದೆಯನ್ನು ಮಾಡಿದರು. ಅದನ್ನು ಮಾಳಿಗೆಗೆ ತೂಗುಹಾಕಿದ್ದರು, ಮತ್ತು ತಲೆಯ ಚಲನೆಯನ್ನು ಅಳೆಯುವ ವ್ಯವಸ್ಥೆ ಅದರಲ್ಲಿಯೇ ಇತ್ತು. ಅದೇ ವರ್ಷ ಅವರು ಡೇವಿಡ್ ಇವಾನ್ಸ್ ಜೊತೆಗೂಡಿ ಸ್ಥಾಪಿಸಿದ ಕಂಪನಿಯು ಮುಂದೆ ವಿಮಾನ ತರಬೇತಿ ಯಂತ್ರಗಳಿಗೆ ದೃಶ್ಯಗಳನ್ನು ಒದಗಿಸಿ ಹೆಸರಾಯಿತು. ಹೀಗೆ ಒಂದೇ ಒಲೆಯ ಮೇಲೆ ಬೆಂದ ಎರಡು ಅಡುಗೆಗಳಿವು.

ಇರಲಿ, ಸವಣೂರಿನ ಸಂಗತಿಗೆ ಬರೋಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಎಲೆಬಳ್ಳಿಯ ತೋಟ ಮಾಡಿಕೊಂಡಿದ್ದಾನೆ. ಅವನ ಮಗಳು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದವಳು. ಪೈಲಟ್ ಆಗಬೇಕೆಂಬುದು ಏಳನೆಯ ಇಯತ್ತೆಯಿಂದಲೂ ಆಕೆಯ ಹಟ. ಕಳೆದ ವರ್ಷ ಮದುವೆಯೊಂದಕ್ಕೆಂದು ದೊಡ್ಡ ಊರಿಗೆ ಹೋದಾಗ, ಅಲ್ಲಿಯ ಆಟದ ಅಂಗಡಿಯೊಂದರಲ್ಲಿ ಹೆಡ್‌ಸೆಟ್ ಹಾಕಿಸಿ, ಯುದ್ಧವಿಮಾನವನ್ನು ಗಿರಗಿರನೆ ತಿರುಗಿಸುವ ಆಟಕ್ಕೆ ಕೂಡಿಸಿದರಂತೆ. ಹತ್ತು ನಿಮಿಷಕ್ಕೆ ಬೆವರು, ತಲೆಸುತ್ತು, ವಾಂತಿ. ಊರಿಗೆ ಮರಳಿದವಳು ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಎಸೆದಳು.

ತಂದೆ ಮಗಳು ಇಬ್ಬರೂ ನನ್ನ ಮನೆಗೆ ಬಂದರು. ಹುಡುಗಿ ಕೇಳಿದಳು: “ಕುರ್ಚಿ ಮ್ಯಾಲ ಕುಂತು ವಾಂತಿ ಮಾಡಿಕೊಂಡಾಕಿ ನಾ. ಇನ್ನ ಖರೇ ವಿಮಾನ ಹೆಂಗ ಹಾರಸ್ತೀನ್ರಿ ಅಜ್ಜಾರ?” ಆಕೆ ನೀರು ಕುಡಿಯಲು ಒಳಗೆ ಹೋದಾಗ ತಂದೆ ತಗ್ಗಿದ ದನಿಯಲ್ಲಿ ಹೇಳಿದ: “ಸರ, ಎರಡ ಎಕರೆ ಮಾರಬೇಕಾದೀತು ಅಂತ ನನಗ ನಿದ್ದಿ ಬರತಿರಲಿಲ್ಲ. ಈಗ ಆಕಿನ ಒಲ್ಲೆ ಅಂತಾಳ. ನನಗ ಸಮಾಧಾನ ಆತೋ, ಸಂಕಟ ಆತೋ, ತಿಳಿವಲ್ದು.”

ಅವನ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹೊಲ ಮಾರಬೇಕೇ ಬೇಡವೇ ಎಂಬುದನ್ನು ಹೇಳಲು ನಾನು ಯಾರು? ಆದರೆ ವಾಂತಿಯ ವಿಷಯ ವಿಜ್ಞಾನದ್ದು; ಅದನ್ನು ಹೇಳುವ ಅಧಿಕಾರ ಮಾಸ್ತರನಿಗಿದೆ.

ಹಿರೇಕೆರೂರಿನಲ್ಲಿ ನನ್ನ ಬಳಿ ಕಲಿತವರಿಗೆ ನೀರಿನ ಚರಿಗೆಯ ಪಾಠ ನೆನಪಿರಬೇಕು. ಚರಿಗೆಯಲ್ಲಿ ನೀರು ಹಾಕಿ, ಮೇಲೆ ಒಂದು ಎಲೆ ತೇಲಿಬಿಟ್ಟು, ಚರಿಗೆಯನ್ನು ತಟ್ಟನೆ ತಿರುಗಿಸಿದರೆ ಎಲೆ ಮೊದಲು ಇದ್ದಲ್ಲಿಯೇ ನಿಲ್ಲುತ್ತದೆ, ನೀರು ಹಿಂದುಳಿಯುತ್ತದೆ. ನಮ್ಮ ಒಳಗಿವಿಯಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳೊಳಗೆ ದ್ರವವು ಹೀಗೆಯೇ ಹಿಂದುಳಿದು, ತಲೆ ತಿರುಗಿತೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಹೆಡ್‌ಸೆಟ್ ತೊಟ್ಟು ಕುಳಿತವಳ ಕಣ್ಣು “ನಾವು ಉರುಳುತ್ತಿದ್ದೇವೆ” ಎಂದು ಸಾರುತ್ತದೆ. ಕಿವಿ “ನಾವು ಕುರ್ಚಿಯಲ್ಲಿ ಅಲುಗದೆ ಕುಳಿತಿದ್ದೇವೆ” ಎನ್ನುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ನಿಜವಾದ ವಿಮಾನದಲ್ಲಿಯಾದರೋ ಕಣ್ಣಿನ ಜೊತೆಗೆ ದೇಹವೂ ತಿರುಗುತ್ತದೆ.

ಆಕೆಗೆ ನಾನು ಇನ್ನೊಂದು ಸಂಗತಿಯನ್ನು ಹೇಳಿದೆ. 1957ರಷ್ಟು ಹಿಂದೆಯೇ ಅಮೆರಿಕದ ನೌಕಾಪಡೆಯ ಹೆಲಿಕಾಪ್ಟರ್ ಅನುಕರಣ ಯಂತ್ರದಲ್ಲಿ ಈ ವಾಕರಿಕೆಯನ್ನು ದಾಖಲಿಸಿದ್ದರು. ಅಲ್ಲಿ ಹೊಸದಾಗಿ ಕಲಿಯಲು ಬಂದವರಿಗಿಂತ, ನುರಿತ ಶಿಕ್ಷಕ ಪೈಲಟ್‌ಗಳಿಗೇ ಹೆಚ್ಚು ತೊಂದರೆಯಾಯಿತು! ನಿಜವಾದ ಹಾರಾಟ ಹೇಗಿರುತ್ತದೆಂದು ಅವರ ದೇಹಕ್ಕೆ ತಿಳಿದಿತ್ತು. ಆದ್ದರಿಂದ ಸುಳ್ಳು ಬೇಗ ಗೊತ್ತಾಯಿತು. ಅದೇ 1957ರಲ್ಲಿ ಬೆಂಗಳೂರಿನಲ್ಲಿ ನಮ್ಮ ವಾಯುಪಡೆಯ ವೈಮಾನಿಕ ವೈದ್ಯಕೀಯ ಶಾಲೆಯೂ ಆರಂಭವಾಯಿತು. ಹಾರಾಟದಲ್ಲಿ ಕಣ್ಣು ಕಿವಿಗಳು ಮಾಡುವ ಮೋಸ ಒಂದು ಶಾಸ್ತ್ರವಾಗಿ ಅಧ್ಯಯನ ಮಾಡುವಷ್ಟು ದೊಡ್ಡ ವಿಷಯ. “ಅಂಗಡಿಯ ಹತ್ತು ನಿಮಿಷದ ಆಟ ನಿನ್ನ ವೈದ್ಯಕೀಯ ಪರೀಕ್ಷೆಯಲ್ಲ ಕಣವ್ವಾ. ಅದನ್ನು ಮಾಡಲು ಡಿ.ಜಿ.ಸಿ.ಎ. ಮನ್ನಣೆ ಕೊಟ್ಟ ವೈದ್ಯರಿದ್ದಾರೆ,” ಎಂದೆ.

ಆ ನಂತರ ಆಕೆಯನ್ನು ನನ್ನ ಮೇಜಿನ ಮುಂದೆ ಕೂಡಿಸಿದೆ. ಮೊಮ್ಮಗನ ಹಳೆಯ ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್, ಪರದೆಯ ಮೇಲೊಂದು ವೆಬ್‌ಕ್ಯಾಮರಾ, ಇಷ್ಟೇ. ಅರ್ಧ ಗಂಟೆ ಹಾರಿಸಿದರೂ ವಾಕರಿಕೆಯ ಸುಳಿವಿರಲಿಲ್ಲ. ಕಾರಣ ಸರಳ. ಪರದೆಯ ಸುತ್ತ ಗೋಡೆ, ಕ್ಯಾಲೆಂಡರು, ಟ್ಯೂಬ್‌ಲೈಟು ಅಲುಗದೆ ನಿಂತಿರುತ್ತವೆ. ಕಣ್ಣಿಗೆ ಹಿಡಿದುಕೊಳ್ಳಲು ಒಂದು ಸ್ಥಿರವಾದ ಚೌಕಟ್ಟು ಸಿಗುತ್ತದೆ. ವೇಗ, ಎತ್ತರಗಳನ್ನು ಬರೆದಿಟ್ಟ ಚೀಟಿಯನ್ನು ಆಕೆ ಮಗ್ಗುಲಲ್ಲಿಟ್ಟುಕೊಂಡು ಓದುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಆಕೆ ನೋಡುತ್ತಿದ್ದುದನ್ನೇ ನೋಡುತ್ತಿದ್ದೆ. ಎಡ ಭುಜದ ಹಿಂದೆ ರನ್‌ವೇ ಬಂದಾಗ “ಈಗ” ಎಂದೆ. ಎರಡನೆಯ ಸಲ ಹೇಳಬೇಕಾಗಲಿಲ್ಲ. ನಾಲ್ಕನೆಯ ಪ್ರಯತ್ನಕ್ಕೆ ವಿಮಾನ ಹುಬ್ಬಳ್ಳಿಯಲ್ಲಿ ಇಳಿಯಿತು, ಸ್ವಲ್ಪ ಕುಪ್ಪಳಿಸಿತಾದರೂ.

ಹೆಡ್ ಟ್ರ್ಯಾಕಿಂಗ್‌ನ ಈ ಗುಣವನ್ನು ನಾನು ಎಲ್ಲಕ್ಕಿಂತ ಮೇಲಿನದೆಂದು ಎಣಿಸುತ್ತೇನೆ: ಕಲಿಯುವವರ ಮಗ್ಗುಲಲ್ಲಿ ಕಲಿಸುವವರಿಗೊಂದು ಜಾಗ ಉಳಿಯುತ್ತದೆ. ಹೆಡ್‌ಸೆಟ್ಟಿನ ನೋಟವನ್ನು ಬೇರೆ ಪರದೆಯ ಮೇಲೆ ತೋರಿಸಬಹುದು, ನಿಜ. ಆದರೆ ತೊಟ್ಟವರು ಒಂಟಿಯೇ. ತಮ್ಮ ಕೈ, ಕೀಲಿಮಣೆ, ಬರೆದಿಟ್ಟ ಚೀಟಿ ಯಾವುದೂ ಅವರಿಗೆ ಸರಿಯಾಗಿ ಕಾಣುವುದಿಲ್ಲ.

ಹಾಗೆಂದು ವಿ.ಆರ್. ಅನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಪುಟ್ಟ ಪರದೆಯಲ್ಲಿ ರನ್‌ವೇ ಕುಗ್ಗಿ ಕಾಣುತ್ತದೆ. ಹೆಡ್‌ಸೆಟ್ಟಿನಲ್ಲಿ ಅದರ ನಿಜವಾದ ಗಾತ್ರದಲ್ಲಿ, ಸುಮಾರು ನೂರು ಡಿಗ್ರಿ ಅಗಲಕ್ಕೆ ಹರಡಿಕೊಳ್ಳುತ್ತದೆ. ನೆಲ ಮುಟ್ಟುವ ಮುನ್ನ ಮೂಗು ಎತ್ತುವ ಗಳಿಗೆಯನ್ನು ಅಂದಾಜು ಮಾಡಲು ಇದು ಬಹಳ ಸಹಾಯಕ. ಹೆಡ್ ಟ್ರ್ಯಾಕಿಂಗ್‌ನ ಹಿಗ್ಗಿಸಿದ ನೋಟ ಕುತ್ತಿಗೆಗೆ ಒಂದು ಸುಳ್ಳು ಅಭ್ಯಾಸವನ್ನೂ ಕಲಿಸುತ್ತದೆ. ನಿಜವಾದ ವಿಮಾನದಲ್ಲಿ ಇಪ್ಪತ್ತು ಡಿಗ್ರಿ ತಿರುಗಿದರೆ ಇಪ್ಪತ್ತೇ ಡಿಗ್ರಿ ಕಾಣುವುದು. 2021ರಲ್ಲಿ ಯುರೋಪಿನ ವಾಯುಸುರಕ್ಷತಾ ಸಂಸ್ಥೆಯು ರಾಬಿನ್ಸನ್ ಆರ್22 ಹೆಲಿಕಾಪ್ಟರಿನ ವಿ.ಆರ್. ತರಬೇತಿ ಯಂತ್ರವೊಂದಕ್ಕೆ ಮೊಟ್ಟಮೊದಲ ಬಾರಿಗೆ ಮನ್ನಣೆ ಕೊಟ್ಟದ್ದು ಸುಮ್ಮನೆ ಅಲ್ಲ.

ಕೊರತೆಗಳೂ ಇವೆ. ಕ್ವೆಸ್ಟ್ 3ರಂತಹ ಹೆಡ್‌ಸೆಟ್ ಅರ್ಧ ಕಿಲೋ ತೂಗುತ್ತದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯಲ್ಲಿ ಸುಮಾರು 60 ಚುಕ್ಕೆಗಳನ್ನು ಬೇರ್ಪಡಿಸಿ ನೋಡಬಲ್ಲದು. ಅದರಲ್ಲಿ ಸಿಗುವುದು ಸುಮಾರು 25. ಆದ್ದರಿಂದ ಮಾಪಕಗಳ ಸಣ್ಣ ಅಂಕಿಗಳು ಮಸುಕು. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಬಿಡಿಸಬೇಕಾದ ಕಾರಣ ಬಲವಾದ, ಬೆಲೆಬಾಳುವ ಕಂಪ್ಯೂಟರ್ ಬೇಕು. ಚಿತ್ರ ತಡವರಿಸಿದರೆ ಮತ್ತೆ ವಾಕರಿಕೆ.

ದೀಪಾವಳಿಯ ರಜೆಗೆ ಮೊಮ್ಮಗ ತನ್ನ ಹೆಡ್‌ಸೆಟ್ಟನ್ನು ತಂದಾಗ ಆಕೆಯನ್ನು ಮತ್ತೆ ಕರೆಸಿದೆ. ಮೊದಲ ದಿನ ಐದೇ ನಿಮಿಷ, ನೆಟ್ಟಗೆ ಹಾರುವುದು ಮಾತ್ರ. ಬೆವರು ಬಂದ ಕೂಡಲೇ ತೆಗೆದಿಡುವುದು, ಹಟ ಹಿಡಿಯದಿರುವುದು. ವಾರದ ಕೊನೆಗೆ ಇಪ್ಪತ್ತು ನಿಮಿಷಕ್ಕೆ ಬಂದಳು. ಎಡಗಡೆ ಬಾಗಿ ನೋಡುತ್ತ, “ಅಪ್ಪಾ, ನಮ್ಮ ತ್ವಾಟ ಇಲ್ಲೇ ಎಲ್ಲೋ ಇರಬೇಕ್ ನೋಡು!” ಎಂದು ಕೂಗಿದಳು. ಹೆಡ್‌ಸೆಟ್ ತೊಟ್ಟವಳಿಗೆ, ತಂದೆ ಹಿಂದಿನ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡದ್ದು ಕಾಣಲಿಲ್ಲ.

ಮುಂದೇನಾಯಿತು ಎಂದು ಕೇಳುತ್ತೀರಿ. ವೈದ್ಯಕೀಯ ಪರೀಕ್ಷೆಯಲ್ಲಿ ಆಕೆ ಪಾಸಾಗಿದ್ದಾಳೆ. ಹೊಲ ಇನ್ನೂ ಮಾರಿಲ್ಲ. ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿದ್ದಾರೆ, ಸಿಗಬಹುದು, ಸಿಗದಿರಬಹುದು. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಮನೆಯ ಮೇಜಿನ ಮೇಲೆ ಹಾರಿಸಿದ ಒಂದು ನಿಮಿಷವೂ ಅದರಲ್ಲಿ ಸೇರದು. ಖರ್ಚು ಸಣ್ಣದಲ್ಲ. ಒಂದು ವೇಳೆ ಹಣವಿಲ್ಲದೆ ಈ ಆಸೆ ನಿಂತರೆ, ಹಣವಿಲ್ಲದೆ ನಿಂತಿತೆಂದೇ ಆ ಮನೆಯವರು ಹೇಳಿಕೊಳ್ಳಲಿ. ಬಡತನದ ತಪ್ಪನ್ನು ಹುಡುಗಿಯ ಹೊಟ್ಟೆಯ ಮೇಲೆ ಹೊರಿಸುವುದು ಬೇಡ. ನಾನು ತಂದೆಗೆ ಹೇಳಿದ್ದು ಇಷ್ಟೇ. ಅವನು ತಲೆಯಾಡಿಸಿದ.

ಆದ್ದರಿಂದ, ಕೇಳಿದ ಶಿಷ್ಯರಿಗೆಲ್ಲ ನನ್ನ ಸಲಹೆ ಹೀಗಿದೆ. ಮಕ್ಕಳು ಕಲಿಯಲು ಹೊರಟಿದ್ದರೆ ಹೆಡ್ ಟ್ರ್ಯಾಕಿಂಗ್‌ನಿಂದ ಆರಂಭಿಸಿರಿ. ವೆಬ್‌ಕ್ಯಾಮರಾ ಇದ್ದರೆ ಖರ್ಚೇ ಇಲ್ಲ; ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಕೂಡ ಉಚಿತವಾಗಿ ಸಿಗುತ್ತದೆ. ನಾಲ್ಕಾರು ತಿಂಗಳು ಹಾರಿಸಿ, ಮಾಪಕಗಳನ್ನು ಓದುವುದು ಕೈವಶವಾದ ಮೇಲೆ, ಅನುಕೂಲವಿದ್ದರೆ ಹೆಡ್‌ಸೆಟ್ ಕೊಳ್ಳಿರಿ. ಕೊಳ್ಳುವ ಮುನ್ನ ಯಾರದಾದರೂ ಎರವಲು ತಂದು ಐದೈದು ನಿಮಿಷ ನೋಡಿರಿ. ಕುತ್ತಿಗೆ ನೋವು, ತಲೆಸುತ್ತು ಇರುವ ನನ್ನ ವಾರಿಗೆಯವರು ಪರದೆಗೇ ಅಂಟಿಕೊಂಡಿರುವುದು ಕ್ಷೇಮ. ಯಾವುದನ್ನೇ ಆಯ್ದುಕೊಂಡರೂ ಆಗಾಗ ಮಗುವಿನ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂಡಿರಿ. ವಿಮಾನದ ವಿಷಯ ನಿಮಗೆ ತಿಳಿಯದಿದ್ದರೂ ನಡೆದೀತು.

ನಿಮ್ಮ ಮನೆಗಳಲ್ಲಿ ಇಂಥ ಹಾರಾಟಗಾರರು ಯಾರಾದರೂ ಇದ್ದರೆ ತಿಳಿಸಿರಿ.