ಬಂದದ್ದಲ್ಲ, ಇಲ್ಲೇ ಇತ್ತು

ಓದುವ ದಿನಗಳಲ್ಲಿ ನಮ್ಮ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ನಾವು ನಾಲ್ವರು ಸೇರಿ ಒಂದು ಫೋಟೊ ಕೊಟ್ಟಿದ್ದೆವು. ದಾಸವಾಳಕ್ಕೆ ಕೊಕ್ಕಿಟ್ಟ ಪುಟ್ಟ ಹಕ್ಕಿ. ಅದರಡಿ ಬರೆದದ್ದು: 'ನಮ್ಮೂರಿಗೂ ಬಂತು ಹಮ್ಮಿಂಗ್ ಬರ್ಡ್!' ಮಾರನೇ ದಿನ ಹಾಸ್ಟೆಲ್ಲಿನ ಅಡುಗೆಯಕ್ಕ ಪತ್ರಿಕೆ ನೋಡಿ ನಕ್ಕರು. "ಅಲ್ರೋ ಮಕ್ಳಾ, ಇದು ಸೂರಕ್ಕಿ ಅಲ್ವಾ? ಬರೋದೇನು ಬಂತು, ಇಲ್ಲೇ ಇತ್ತಲ್ಲ!"

ತಿದ್ದುಪಡಿ ಹಾಕಲೇಬೇಕಿತ್ತು. ಅದಕ್ಕೆಂದು ಹುಡುಕಲು ಕೂತಾಗಲೇ ನಿಜವಾದ ಹಮ್ಮಿಂಗ್ ಬರ್ಡ್ ನಮಗೆ ಪರಿಚಯವಾದದ್ದು. ಅವುಗಳಲ್ಲಿ 300ಕ್ಕೂ ಹೆಚ್ಚು ಪ್ರಭೇದಗಳಿವೆ. ಎಲ್ಲವೂ ಅಮೆರಿಕ ಖಂಡಗಳಲ್ಲೇ. ಭಾರತದಲ್ಲಿ ಒಂದೂ ಇಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಲಾಂಗ್ ಬಿಲ್ಡ್ ಹರ್ಮಿಟ್. ಮೆಕ್ಸಿಕೋದಿಂದ ಈಕ್ವೆಡಾರ್‌ವರೆಗಿನ ತೇವದ ಕಾಡುಗಳ ಹಕ್ಕಿ ಇದು. ಹಮ್ಮಿಂಗ್ ಬರ್ಡ್ ಎಂದರೆ ಥಳಥಳ ಹೊಳೆಯಬೇಕು ಎಂದುಕೊಂಡಿದ್ದೆವು. ಇದರದ್ದು ಹಸಿರು ಬೆರೆತ ಕಂದು ಬೆನ್ನು, ಮಾಸಲು ಹೊಟ್ಟೆ, ಕಣ್ಣಿನ ಮೇಲೆ ಕಪ್ಪು ಪಟ್ಟೆ. ಬಾಲದ ನಡುವಿನ ಎರಡು ಗರಿಗಳು ಮಾತ್ರ ನೀಳ, ತುದಿ ಬಿಳಿ. ತೂಕ ಸುಮಾರು 6 ಗ್ರಾಂ, ಹೆಚ್ಚುಕಮ್ಮಿ ಐದು ರೂಪಾಯಿ ನಾಣ್ಯದಷ್ಟು. ಬಾಗಿದ ಉದ್ದ ಕೊಕ್ಕು ಬಾಳೆಯ ದೂರದ ನಂಟ ಹೆಲಿಕೋನಿಯಾದ ಹೂವಿಗೆ ಅಳತೆ ಕೊಟ್ಟು ಮಾಡಿಸಿದಂತಿದೆ. ಒಂದೇ ಗಿಡಕ್ಕೆ ಕಾವಲು ಕೂರುವ ಹಕ್ಕಿ ಇದಲ್ಲ. ಹಾಲು ಹಾಕುವವರು ಮನೆಮನೆ ಸುತ್ತುವಂತೆ ದೂರದೂರದ ಹೂಗಳಿಗೆ ಸರದಿಯಲ್ಲಿ ಹೋಗಿಬರುತ್ತದೆ.

ಹರ್ಮಿಟ್ ಎಂದರೆ ಸನ್ಯಾಸಿ. ಆದರೆ ಗಂಡುಗಳು ಕಾಡಿನ ಪೊದೆಗಳ ನಡುವೆ ಜಾತ್ರೆಯಂತೆ ಸೇರುತ್ತವೆ! ತಮ್ಮತಮ್ಮ ಕೊಂಬೆ ಹಿಡಿದು, ಬಾಲ ಆಡಿಸುತ್ತಾ, ಹೆಣ್ಣಿಗಾಗಿ ಗಂಟೆಗಟ್ಟಲೆ ಒಂದೇ ಸ್ವರ ಹಾಡುತ್ತವೆ. ಜಾಗಕ್ಕಾಗಿ ಜಗಳವೂ ಉಂಟು. ಬಲಿತ ಗಂಡಿನ ಕೊಕ್ಕಿನ ತುದಿ ಹೆಣ್ಣಿನದಕ್ಕಿಂತ ಚೂಪು, ಅದು ಚೂರಿಯ ಕೆಲಸಕ್ಕೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಇತ್ತ ಹೆಣ್ಣು ಒಂಟಿಯಾಗಿ, ಎಲೆಯ ತುದಿಯ ಅಡಿಗೆ ಜೇಡನ ನೂಲಿನಿಂದ ಗೂಡು ಅಂಟಿಸಿ, ಮರಿ ಸಾಕುತ್ತದೆ.

ನಮ್ಮ ಸೂರಕ್ಕಿಯೂ ತೂಗುಗೂಡಿಗೆ ಜೇಡನ ನೂಲನ್ನೇ ಬಳಸುತ್ತದೆ. ಅದರ ಕೊಕ್ಕೂ ಬಾಗಿದೆ. ಆದರೆ ಇವೆರಡೂ ಹತ್ತಿರದ ನೆಂಟರಲ್ಲ. ಮಕರಂದ ಹೀರುವ ಒಂದೇ ಕಸುಬು ಎರಡಕ್ಕೂ ಒಂದೇ ಥರದ ಕೊಕ್ಕು ಕೊಟ್ಟಿದೆ, ಅಷ್ಟೆ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತು ಕುಡಿಯುತ್ತದೆ, ಹಿಂದಕ್ಕೂ ಹಾರುತ್ತದೆ. ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಹಿಡಿದು ಕೂತೇ ಕುಡಿಯುತ್ತದೆ. ನಮ್ಮ ಫೋಟೊದಲ್ಲೂ ಅದು ಕೂತೇ ಇತ್ತು. ನಾವು ನೋಡಿರಲಿಲ್ಲ.

ಹಳ್ಳಿಯ ಸುದ್ದಿ ಬರೆಯುತ್ತೇವೆಂದು ಹೊರಟವರು ಅಂಗಳದ ಹಕ್ಕಿಗೇ ಪರದೇಶದ ಹೆಸರಿಟ್ಟಿದ್ದೆವು. ತಿದ್ದುಪಡಿ ಕೊನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂತು. ಅಕ್ಕನಿಗೆ ತೋರಿಸಿದೆವು. "ಈಗ ಸರಿಯಾಯ್ತು, ಊಟಕ್ಕೆ ಕೂತ್ಕೊಳಿ" ಅಂದರು.

ಈಗಲೂ ಯಾವುದೇ ಊರಿಗೆ ಹೋದರೂ ಕ್ಯಾಮೆರಾ ತೆಗೆಯುವ ಮುಂಚೆ ಕೇಳುತ್ತೇವೆ: "ಇದಕ್ಕೆ ನಿಮ್ಮ ಕಡೆ ಏನಂತೀರಿ?"